ಕಂಬಿಯ ಮೇಲಿನ ನೀಲಿ ಟವೆಲ್

ಫೆಬ್ರುವರಿ 3

ಗೆಸ್ಟ್ ಬೆಳಿಗ್ಗೆ ಹೊರಟರು. ಸಂಜೆಯೊಳಗೆ ನನ್ನ ತುಟಿ ಒಡೆಯಿತು.

ತಪ್ಪು ನನ್ನದೇ. ಟೀಗೆ ಸಕ್ಕರೆ ಹಾಕಲೋ ಬೇಡವೋ ಎಂದು ಎರಡು ಸಲ ಕೇಳಿದೆ. ನಮ್ಮ ಯಜಮಾನರು ದಿನವಿಡೀ ಬಿಸಿಲಲ್ಲಿ ನಿಂತು ಗೋಡೆ ಕಟ್ಟಿ ಬಂದವರು, ತಲೆ ಕಾದಿರುತ್ತದೆ. ಅಂಥ ಹೊತ್ತಿನಲ್ಲಿ ಕೇಳಿದ್ದನ್ನೇ ಕೇಳಿದರೆ ಏಟು ಬೀಳದೆ ಮುತ್ತು ಉದುರುತ್ತದೆಯೇ?

ಅತ್ತೆಯೂ ಹಾಗೇ ಅಂದರು. "ಅವ್ನ ಸ್ವಭಾವ ಗೊತ್ತಿದ್ದೂ ಯಾಕೆ ಬಾಯಿ ಬಿಡ್ತೀಯ? ಅವ್ನಪ್ಪನೂ ಹೀಗೇ ಇದ್ರು. ನಾನು ಸಂಸಾರ ಮಾಡ್ಲಿಲ್ವಾ?" ಅತ್ತೆಗೆ ಎಡಗಿವಿ ಕೇಳಿಸುವುದಿಲ್ಲ. ಯಾವತ್ತಿನಿಂದ ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಈ ಡೈರಿ ಇವತ್ತು ಹೋದ ಗೆಸ್ಟ್ ಕೊಟ್ಟದ್ದು. "ನಿಮ್ಮ ಕೈ ಅಡುಗೆ ಮರೆಯೋಕಾಗಲ್ಲ, ಏನಾದ್ರೂ ಇಟ್ಕೊಳ್ಳಿ" ಎಂದು ಚೀಲದಿಂದ ತೆಗೆದು ಕೊಟ್ಟರು. ಏನು ಬರೆಯುವುದೋ ತಿಳಿಯದೆ ತುಟಿಯ ವಿಷಯ ಬರೆದಿದ್ದೇನೆ.

ಫೆಬ್ರುವರಿ 6

ಇಂದು ನಮ್ಮ ಸರದಿ. ಇಬ್ಬರು ಬಂದಿದ್ದಾರೆ, ಅಣ್ಣ ತಂಗಿ. ಹಕ್ಕಿ ನೋಡುವ ಹುಚ್ಚು.

ಊರಿನ ಹೋಂಸ್ಟೇಗಳಿಗೆ ಬರುವ ಗೆಸ್ಟ್‌ಗಳೆಲ್ಲ ಮೊದಲು ಸರದಿಯಕ್ಕನ ಮನೆ ಮುಂದೆ ಇಳಿಯುತ್ತಾರೆ. ಯಾರ ಮನೆಗೆ ಯಾರು ಎಂದು ಹಂಚುವವಳು ಅವಳೇ, ಅದಕ್ಕೇ ಆ ಹೆಸರು. ಅವಳ ಸ್ವಂತ ಹೆಸರು ಅವಳ ಗಂಡನಿಗಾದರೂ ನೆನಪಿದೆಯೋ ಇಲ್ಲವೋ. ಗೆಸ್ಟ್ ಇರುವ ಮನೆಯವರು ಜಗಲಿಯ ಕಂಬಿಗೆ ನೀಲಿ ಟವೆಲ್ ಹಾಕಬೇಕು. ಅದನ್ನು ನೋಡಿ ಅಕ್ಕಪಕ್ಕದವರು ರೇಡಿಯೋ ತಗ್ಗಿಸುತ್ತಾರೆ, ಮಕ್ಕಳನ್ನು ಆಚೆ ಅಟ್ಟುತ್ತಾರೆ. ಇನ್ನೊಂದು ಕಟ್ಟುನಿಟ್ಟಿನ ನಿಯಮವಿದೆ. ಜಗಳದ ಮನೆಗೆ ಗೆಸ್ಟ್ ಇಲ್ಲ. ಯಾವ ಮನೆಯಿಂದ ಕಿರುಚಾಟದ ದೂರು ಬರುತ್ತದೋ ಆ ಮನೆಯ ಸರದಿ ರದ್ದು.

ಅದಕ್ಕೇ ನಾನು ಕಿರುಚುವುದಿಲ್ಲ. ಬಟ್ಟೆ ಕಚ್ಚಿಕೊಳ್ಳುವುದು ಅಭ್ಯಾಸವಾಗಿದೆ.

ಫೆಬ್ರುವರಿ 9

ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ಆ ಗಾದೆ ಮಾಡಿದವರು ನಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿದು ಹೋಗಿರಬೇಕು. ನಮ್ಮವರು ಗೆಸ್ಟ್‌ಗಳಿಗೆ ಬಿಸಿನೀರು ತಾವೇ ಹೊತ್ತುಕೊಡುತ್ತಾರೆ. ಗೆಸ್ಟ್ ಕೋಣೆಯನ್ನು ತಾವೇ ಕಟ್ಟಿದ ಕಥೆ ಹೇಳುತ್ತಾರೆ, ಗೋಡೆಗೆ ಮಟ್ಟದ ಪಟ್ಟಿ ಇಟ್ಟು "ಕೂದಲಷ್ಟೂ ಸೊಟ್ಟ ಇಲ್ಲ ನೋಡಿ" ಎಂದು ತೋರಿಸುತ್ತಾರೆ. ಹಕ್ಕಿ ನೋಡಲು ಬಂದ ತಂಗಿ ನನಗೆ ಹೇಳಿದಳು, "ನೀವು ಪುಣ್ಯ ಮಾಡಿದ್ದೀರಿ."

ಆ ಕೋಣೆಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳುತ್ತದೆ. ಇಲ್ಲಿ ಹೊಡೆದರೆ ಅಲ್ಲಿ ಕೇಳುತ್ತದೆ. ಹಾಗಾಗಿ ಗೆಸ್ಟ್ ಬಂದ ದಿನದಿಂದ ಒಂದು ಏಟೂ ಇಲ್ಲ. ಇವತ್ತು ತಟ್ಟೆ ಕೈಜಾರಿ ಬಿತ್ತು. ಅವರು ಹತ್ತಿರ ಬಂದು ನನ್ನ ಕಿವಿಯಲ್ಲಿ ಮೆಲ್ಲಗೆ ಅಂದರು, "ಅವ್ರು ಹೋಗ್ಲಿ, ಇರು."

ಫೆಬ್ರುವರಿ 12

ಅವರು ಹೋದರು.

ತಟ್ಟೆಯ ಲೆಕ್ಕವನ್ನು ನಮ್ಮವರು ಮರೆತಿರಲಿಲ್ಲ. ಮಟ್ಟದ ಪಟ್ಟಿಯಲ್ಲೇ ಹೊಡೆದರು. "ಸೊಟ್ಟಗಿರೋದನ್ನ ನೆಟ್ಟಗೆ ಮಾಡೋದೇ ನನ್ನ ಕಸುಬು" ಎಂದರು. ಬೆನ್ನು, ತೊಡೆ, ಆಮೇಲೆ ಅಡ್ಡ ಹಿಡಿದ ಕೈ. ಎಡಗೈಯ ಎರಡು ಬೆರಳು ಮಡಚಲು ಬರುತ್ತಿಲ್ಲ. ಬಲಗೈ ಉಳಿಯಿತು, ಅಡುಗೆಗೆ ತೊಂದರೆಯಿಲ್ಲ. ಅವರು ಅಷ್ಟರ ಮಟ್ಟಿಗೆ ನೋಡಿಕೊಂಡೇ ಹೊಡೆಯುತ್ತಾರೆ.

ಫೆಬ್ರುವರಿ 17

ಸರದಿಯಕ್ಕ ಬಂದಿದ್ದಳು. ನನ್ನ ಕೈ ನೋಡಿದಳು.

"ಬಾಗಿಲು ತಾಗ್ತಾ?"

"ಹೂಂ ಅಕ್ಕ, ಬಾಗಿಲು."

"ನಿಮ್ಮನೆ ಬಾಗಿಲು ಬಹಳ ಜೋರು ಕಣೆ" ಎಂದು ಟೀ ಕುಡಿದು ಎದ್ದಳು. ನಮ್ಮ ಸರದಿ ಯಾವಾಗ ಎಂದು ಕೇಳಿದೆ. ಈಗ ಜನ ಕಡಿಮೆ, ಮುಂದಿನ ತಿಂಗಳ ಕೊನೆಗೆ ನೋಡೋಣ ಎಂದಳು. ಅಲ್ಲಿಯವರೆಗೆ ಈ ಮನೆಯಲ್ಲಿ ನಾನು, ಅತ್ತೆ, ಅವರು. ಗೋಡೆಯಾಚೆ ಯಾರೂ ಇಲ್ಲ. ನನಗೆ ಹೆದರಿಕೆಯಾಗುತ್ತಿದೆ. ಬರೆದುಕೊಂಡರೆ ಕಡಿಮೆಯಾಗುತ್ತದೆಯೇನೋ ಎಂದು ಬರೆದೆ, ಆಗಲಿಲ್ಲ.

ಫೆಬ್ರುವರಿ 24

ಇವತ್ತು ನಡೆದದ್ದನ್ನು ನೆನೆದರೆ ನಗು ಬರುತ್ತದೆ. ನಕ್ಕರೆ ಪಕ್ಕೆ ನೋಯುತ್ತದೆ.

ಗೆಸ್ಟ್ ಕೋಣೆಯ ಬಟ್ಟೆಗಳನ್ನೆಲ್ಲ ಒಗೆದು ಹಾಕಿದ್ದೆ. ಹಿತ್ತಲ ಹಗ್ಗದಲ್ಲಿ ಜಾಗವಿಲ್ಲದೆ ನೀಲಿ ಟವೆಲನ್ನು ಜಗಲಿಯ ಕಂಬಿಗೆ ಒಣಹಾಕಿ ಮರೆತುಬಿಟ್ಟೆ. ಸಂಜೆ ಅವರು ಬಂದ ರಭಸ ನೋಡಿದರೆ ಕೆಲಸದ ಕಡೆ ಯಾರೊಂದಿಗೋ ಕಿತ್ತಾಡಿ ಬಂದಂತಿತ್ತು. ಗೇಟು ಒದ್ದರು. ನಾನು ಒಲೆಯ ಮುಂದೆಯೇ ಬಟ್ಟೆಯ ತುದಿ ಬಾಯಿಗಿಟ್ಟುಕೊಂಡೆ. ಆಮೇಲೆ ಏನೂ ಸದ್ದಿಲ್ಲ. ನೋಡಿದರೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬೆಕ್ಕಿನ ಹಾಗೆ ಒಳಗೆ ಬರುತ್ತಿದ್ದಾರೆ.

"ಎಷ್ಟು ಜನ?" ಎಂದು ಪಿಸುಗುಟ್ಟಿದರು.

ನನ್ನ ಬಾಯಿ ತಾನಾಗಿಯೇ ಹೇಳಿತು. "ಗೆಸ್ಟ್ ಒಬ್ರೇ. ಮಲಗಿದ್ದಾರೆ."

ಅವರು ತಲೆಯಾಡಿಸಿ ಕೈಕಾಲು ತೊಳೆದು, ಊಟ ಮಾಡಿ, ಮಲಗಿದರು. ಕೆಲಸದ ಕಡೆಯ ಕೋಪವನ್ನು ದಿಂಬಿಗೆ ಗುದ್ದಿ ತೀರಿಸಿಕೊಂಡರು.

ಮಾರ್ಚ್ 1

ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಗೆಸ್ಟ್ ಇದ್ದ ಮೇಲೆ ಕೋಣೆಯಲ್ಲಿ ದೀಪ ಬೇಕು, ಬಾಗಿಲಲ್ಲಿ ಚಪ್ಪಲಿ ಬೇಕು. ಯಾವನೋ ಮರೆತು ಹೋಗಿದ್ದ ಬೂಟು ಇತ್ತು, ಅದನ್ನು ಹೊರಗಿಟ್ಟೆ. ಬಂದವನು ಪುಸ್ತಕ ಬರೆಯುವ ಸಂಕೋಚದ ಮನುಷ್ಯ, ಯಾರ ಜೊತೆಯೂ ಮಾತಾಡುವುದಿಲ್ಲ, ಹಗಲೆಲ್ಲ ಗುಡ್ಡ ಸುತ್ತುತ್ತಾನೆ ಎಂದೆ. ಆದರೂ ಅವರಿಗೆ ಅನುಮಾನ. "ಒಂದು ಕೆಮ್ಮೂ ಇಲ್ವಲ್ಲೇ?" ಎಂದು ನಿನ್ನೆ ಗೋಡೆಗೆ ಕಿವಿ ಇಟ್ಟರು.

ಆ ಕ್ಷಣಕ್ಕೆ ಗೋಡೆಯಾಚೆಯಿಂದ ಖೊಕ್ ಖೊಕ್ ಎಂದು ಗಂಡಸಿನ ಕೆಮ್ಮು. ಆಮೇಲೆ ಮಂಚ ಕಿರುಗುಟ್ಟಿತು. ಅವರು ಸಮಾಧಾನವಾಗಿ ಹೋಗಿ ಮಲಗಿದರು.

ಬೆಳಿಗ್ಗೆ ಅವರು ಕೆಲಸಕ್ಕೆ ಹೋದ ಮೇಲೆ ಕೋಣೆಯಿಂದ ಅತ್ತೆ ಹೊರಬಂದರು! ನಾನು ಬಾಯಿ ಬಿಟ್ಟು ನೋಡಿದೆ.

"ಏನ್ ಹಂಗ್ ನೋಡ್ತೀಯ? ಮಂಚ ಚೆನ್ನಾಗಿದೆ, ಹಾಸಿಗೆ ಮೆತ್ತಗಿದೆ. ನಾನೂ ಒಂದಿನ ಗೆಸ್ಟ್ ಆಗ್ಬಾರ್ದಾ?" ಎಂದರು. ಆಮೇಲೆ ದನಿ ಇಳಿಸಿ, "ನನ್ ಕಾಲಕ್ಕೆ ಇಂಥ ಟವೆಲ್ ಇರ್ಲಿಲ್ಲ ಕಣೆ" ಎಂದು ತಮ್ಮ ಎಡಗಿವಿ ಮುಟ್ಟಿಕೊಂಡರು.

ನಾನು ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಮದುವೆಯಾಗಿ ಬಂದ ಮೇಲೆ ಇದೇ ಮೊದಲು.

ಮಾರ್ಚ್ 8

ಮನೆ ತಣ್ಣಗಿದೆ. ಅತ್ತೆ ಬೇಗ ಉಂಡು, ಮಗನಿಗೆ "ಸೊಂಟನೋವು, ಮಲಗ್ತೀನಿ" ಎಂದು ಹೇಳಿ, ಹಿತ್ತಲಿನಿಂದ ಸುತ್ತಿ ಗೆಸ್ಟ್ ಕೋಣೆ ಸೇರುತ್ತಾರೆ. ತಾಯಿ ಮಲಗಿದಳೋ ಇಲ್ಲವೋ ಎಂದು ನೋಡುವ ಮಗ ಅವರಲ್ಲ.

ಒಂದೇ ಕಿರಿಕಿರಿ, ಅತ್ತೆಗೆ ನಟನೆ ನೆತ್ತಿಗೇರಿದೆ. ಕೆಮ್ಮಿ ಎಂದರೆ ಹಾಡು ಗುನುಗುತ್ತಾರೆ. ಇವತ್ತು ಹಿತ್ತಲಲ್ಲಿ ಅವರ ತೋಳು ಹಿಡಿದು, "ಆಟ ಅಂದ್ಕೊಂಡಿದ್ದೀರಾ? ಸಿಕ್ಕಿಹಾಕ್ಕೊಂಡ್ರೆ ಸಾಯೋದು ನಾನು!" ಎಂದು ಅಲುಗಾಡಿಸಿದೆ. ತೋಳಿನಲ್ಲಿ ನನ್ನ ಬೆರಳುಗಳು ಮೂಡಿವೆ. ವಯಸ್ಸಾದವರ ಚರ್ಮ, ಬೇಗ ಕಂದುತ್ತದೆ.

ಮಾರ್ಚ್ 15

ಎಲ್ಲ ಮುಗಿಯಿತು.

ಅಂಗಡಿಯಲ್ಲಿ ಇವರಿಗೆ ಸರದಿಯಕ್ಕ ಸಿಕ್ಕಿದ್ದಾಳೆ. ಇವರು ಹಲ್ಲು ಕಿರಿದು, "ಒಳ್ಳೇ ಗೆಸ್ಟ್ ಕಳ್ಸಿದ್ದೀಯ ಅಕ್ಕ, ಇದ್ದಾರೋ ಇಲ್ವೋ ಗೊತ್ತಾಗಲ್ಲ" ಎಂದಿದ್ದಾರೆ. ಅವಳು, "ನಿಮ್ಮನೆಗೆ ಈ ತಿಂಗಳು ಯಾರನ್ನೂ ಕಳಿಸೇ ಇಲ್ವಲ್ಲ ಮೇಸ್ತ್ರಿ?" ಎಂದಿದ್ದಾಳೆ.

ಬಂದವರೇ ನನ್ನ ಕಡೆ ನೋಡಲಿಲ್ಲ. ನೇರ ಕೋಣೆಯ ಬಾಗಿಲು ಒದ್ದರು. ಅತ್ತೆ ಮಂಚದ ಮೇಲೆ ಎದ್ದು ಕೂತು, ಅಭ್ಯಾಸಬಲದಿಂದ ಕೆಮ್ಮಿಬಿಟ್ಟರು.

"ನೀನೂನಾ ನನ್ನ ಕೋತಿ ಕುಣಿಸಿದ್ದು?" ಎಂದು ಹೆತ್ತ ತಾಯಿಯ ಜುಟ್ಟು ಹಿಡಿದು ಎಳೆದ. ಅತ್ತೆಯ ಹಣೆ ಮಂಚದ ಚೌಕಟ್ಟಿಗೆ ಬಡಿಯಿತು. ರಕ್ತ ಕಣ್ಣಿಗಿಳಿಯಿತು. ಬಿದ್ದವರ ಹೊಟ್ಟೆಗೆ ಕಾಲೆತ್ತಿದ. ನಾನು ಮೈಮೇಲೆ ಬಿದ್ದು ಅವನ ಮುಂಗೈ ಕಚ್ಚಿದೆ, ಬಾಯಿಗೆ ಉಪ್ಪು ಹತ್ತುವವರೆಗೂ ಬಿಡಲಿಲ್ಲ. ಆಮೇಲೆ ನನಗೆ ಬಿದ್ದದ್ದನ್ನು ಬರೆಯಲು ಮನಸ್ಸಿಲ್ಲ. ಬಟ್ಟೆ ಕಚ್ಚಿಕೊಳ್ಳಲು ಪುರುಸೊತ್ತಿರಲಿಲ್ಲ, ಕಿರುಚಿದೆ. ಚೆನ್ನಾಗಿಯೇ ಕಿರುಚಿದೆ. ಪಕ್ಕದ ಮನೆಯವರು ರೇಡಿಯೋ ಜೋರು ಮಾಡಿದರು.

ಹೋಗುವಾಗ ಅವನು ಟವೆಲನ್ನು ನನ್ನ ಮುಖಕ್ಕೆ ಎಸೆದ. "ಇನ್ನೊಂದ್ಸಲ ಇದು ಕಂಬಿ ಮೇಲೆ ಕಾಣ್ಲಿ. ಒಳಗೆ ಮಲಗಿರೋ ನಿನ್ನ ಗೆಸ್ಟ್‌ನ ಮೂಳೆ ಪುಡಿ ಮಾಡ್ತೀನಿ."

ಮಾರ್ಚ್ 16

ಅತ್ತೆಯ ಹಣೆಗೆ ಹೊಲಿಗೆ ಹಾಕಿದರು. ಡಾಕ್ಟರಿಗೆ ಬಾಗಿಲು ತಾಗಿತು ಎಂದೆವು. ಇಬ್ಬರೂ ಒಟ್ಟಿಗೇ ಹೇಳಿದೆವು.

ಮಾರ್ಚ್ 20

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ಸರದಿಯಕ್ಕ ಒಬ್ಬರನ್ನು ಕರೆತಂದಳು. ಮೊನ್ನೆಯ ಕಿರುಚಾಟದ ದೂರು ಯಾರೂ ಕೊಟ್ಟಿರಲಿಲ್ಲ, ಹಾಗಾಗಿ ನಮ್ಮ ಸರದಿ ಗಟ್ಟಿಯಾಗಿತ್ತು. ಬಂದವರು ರಿಟೈರ್ ಆದ ಬಸ್ ಕಂಡಕ್ಟರ್. ಅತ್ತೆಯದೇ ವಯಸ್ಸು, ಅತ್ತೆಯದೇ ಗಾತ್ರ, ಗಂಟಲು ಮಾತ್ರ ಊರಿಗೆ ಕೇಳಿಸುವಂಥದ್ದು. "ಕಂಡಕ್ಟರಮ್ಮ ಅನ್ನು ಸಾಕು. ಎಲ್ರನ್ನೂ ಅವ್ರವ್ರ ಊರಿಗೆ ಇಳಿಸಿದ್ದಾಯ್ತು, ಈಗ ನಾನೂ ಎಲ್ಲಾದ್ರೂ ಇಳೀಬೇಕಲ್ಲ" ಎಂದು ನಕ್ಕರು. ಕತ್ತಿನಲ್ಲಿ ಈಗಲೂ ದಾರಕ್ಕೆ ಕಟ್ಟಿದ ಸೀಟಿ. ಅದಿಲ್ಲದಿದ್ದರೆ ನಿದ್ದೆ ಬರುವುದಿಲ್ಲವಂತೆ.

ಗೆಸ್ಟ್ ಇದ್ದಾರೆ, ಟವೆಲ್ ಹಾಕಬೇಕು. ನಿಯಮ. ಹಾಕಿದೆ.

ಅತ್ತೆ ಕಂಬಿ ನೋಡಿ, "ಬೇಡ ಕಣೆ, ಅವ್ನು ಏನಂದಿದ್ದ ನೆನಪಿಲ್ವಾ? ಮೊದ್ಲು ಹೋಗಿ ಅವ್ನಿಗೆ ಸುದ್ದಿ ಮುಟ್ಸು" ಎಂದರು. ನಾನು ಅತ್ತೆಯನ್ನು ಹೊಲಿಗೆ ಬಿಚ್ಚಿಸಲು ಡಾಕ್ಟರ ಹತ್ತಿರ ಕಳಿಸಿದೆ. ಬಿಚ್ಚಲು ಇನ್ನೂ ಸಮಯವಿತ್ತು, ಆದರೂ ಕಳಿಸಿದೆ.

ಸಂಜೆ ಕಂಡಕ್ಟರಮ್ಮ ಗುಡ್ಡ ಸುತ್ತಿ ದಣಿದು, ಕಂಬಳಿ ಹೊದ್ದು ಮಲಗಿದ್ದರು. ಅವನು ಬಂದ. ಕಂಬಿಯ ಮುಂದೆ ನಿಂತದ್ದು ಅಡುಗೆಮನೆ ಕಿಟಕಿಯಿಂದ ಕಾಣಿಸಿತು.

"ಒಳಗ್ ಯಾರು?" ಎಂದ.

"ಗೆಸ್ಟ್ ಒಬ್ರೇ. ಮಲಗಿದ್ದಾರೆ" ಎಂದೆ.

ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಅವತ್ತು ಹೇಳಿದ ಮಾತನ್ನೇ ಅವತ್ತಿನ ದನಿಯಲ್ಲೇ ಹೇಳಿದೆ, ಅಷ್ಟೇ. ತುಸು ನಕ್ಕಿದ್ದರೂ ನಕ್ಕಿರಬಹುದು.

ಅವನು ಮಟ್ಟದ ಪಟ್ಟಿ ತೆಗೆದುಕೊಂಡ. ಹಾಲು ಉಕ್ಕುತ್ತಿತ್ತು, ನಾನು ಒಲೆ ಆರಿಸಿದೆ. ಬಾಗಿಲು ಒದ್ದ ಸದ್ದು. ಮೊದಲ ಏಟು ಕಂಬಳಿಯ ಮೇಲೆ ಬಿದ್ದದ್ದು, ಮೆತ್ತಗೆ ಕೇಳಿಸಿತು. ಎರಡನೆಯದು ಮೂಳೆಯ ಮೇಲೆ. ಆ ಸದ್ದು ನನಗೆ ಗೊತ್ತು.

ಆಮೇಲೆ ಸೀಟಿ.

ಅಂಥ ಸೀಟಿಯನ್ನು ಈ ಊರು ಕೇಳಿರಲಿಕ್ಕಿಲ್ಲ. ಸೀಟಿ, ಸೀಟಿಯ ನಡುವೆ ಬೈಗುಳ, ಮತ್ತೆ ಸೀಟಿ. ರೇಡಿಯೋಗಳೆಲ್ಲ ಒಟ್ಟಿಗೇ ನಿಂತವು. ಯಾವತ್ತೂ ತೆರೆಯದ ಬಾಗಿಲುಗಳು ತೆರೆದವು. ಗಂಡಸರು ಓಡಿಬಂದರು, ಹೆಂಗಸರು ಕಸಬರಿಕೆ ಹಿಡಿದು ಬಂದರು. "ಗೆಸ್ಟ್ ಮೇಲೆ ಕೈ ಮಾಡ್ತೀಯಾ? ಗೆಸ್ಟ್ ಮೇಲೆ?" ಎಂದು ಅವನನ್ನು ಅಂಗಳಕ್ಕೆ ಎಳೆದು ಹಾಕಿ ತುಳಿದರು. ಮೂಗು ಒಡೆಯಿತು, ಎರಡು ಹಲ್ಲು ಉದುರಿದವು. ಅವನದೇ ಪಟ್ಟಿ ಅವನ ಬೆನ್ನಿನ ಮೇಲೆ ಮುರಿಯಿತು. "ಅಮ್ಮ ಅನ್ಕೊಂಡೆ, ಅಮ್ಮ ಅನ್ಕೊಂಡೆ" ಎಂದು ಅವನು ಕೂಗುತ್ತಿದ್ದ. ಆ ಮಾತಿಗೆ ಯಾರ ಕಾಲೂ ನಿಲ್ಲಲಿಲ್ಲ.

ನನ್ನ ಮೈಮೇಲಿನ ಗಾಯಗಳಿಗೆ ಇಷ್ಟು ವರ್ಷ ಬಾಗಿಲು ತಾಗಿತಾ ಎಂದ ಊರು ಇದೇ. ನಾನು ಜಗಲಿಯಲ್ಲಿ ನಿಂತು ಪೂರ್ತಿ ನೋಡಿದೆ. ಸಾಕು ಬಿಡಿ ಎಂದು ಹೇಳಬೇಕು ಎನಿಸಲಿಲ್ಲ.

ಮಾರ್ಚ್ 22

ಕಂಡಕ್ಟರಮ್ಮನ ಬಲಗೈ ಮುರಿದಿದೆ. ಆಸ್ಪತ್ರೆಗೆ ಗಂಜಿ ಒಯ್ದೆ. ಸರದಿಯಕ್ಕ ನನಗಿಂತ ಮೊದಲೇ ಹೋಗಿ, ದೂರು ಕೊಟ್ಟರೆ ಊರಿಗೆಲ್ಲ ಗೆಸ್ಟ್ ನಿಂತುಹೋಗುತ್ತದೆ, ಎಲ್ಲರ ಅನ್ನಕ್ಕೂ ಕಲ್ಲು ಬೀಳುತ್ತದೆ ಎಂದು ಕಾಲು ಹಿಡಿದಿದ್ದಳು. ಕಂಡಕ್ಟರಮ್ಮ ಅವಳನ್ನು ಬೈದು ಕಳಿಸಿ, ಪೊಲೀಸರಿಗೆ ದೂರು ಕೊಟ್ಟಿದ್ದರು. ಅವನು ಈಗ ಒಳಗಿದ್ದಾನೆ. ಸದ್ಯಕ್ಕೆ ಬಿಡುವುದಿಲ್ಲವಂತೆ.

ನಾನು ಚಮಚದಲ್ಲಿ ತಿನ್ನಿಸುತ್ತಿದ್ದಾಗ ಕೇಳಿದರು, "ತಂಗಿ, ಒಳಗೆ ನಾನಿದ್ದೀನಿ ಅಂತ ಅವನಿಗೆ ಹೇಳಿದ್ಯಾ?"

"ಹೇಳ್ದೆ ಅಮ್ಮ. ಗೆಸ್ಟ್ ಇದ್ದಾರೆ ಅಂದೆ."

"ಹೆಂಗ್ ಹೇಳ್ದೆ?"

ನಾನು ಗಂಜಿ ಕಲಕಿದೆ.

"ಜೀವಮಾನ ಎಲ್ಲ ಬಸ್ಸಲ್ಲಿ ನಿಂತವಳು ನಾನು. ಟಿಕೆಟ್ ತಗೊಳ್ದೇ ಕೂತೋರ ಮುಖ ನಂಗೊತ್ತಾಗತ್ತೆ" ಎಂದರು. ಆಮೇಲೆ ಕಣ್ಣು ಮುಚ್ಚಿ, "ನಿನ್ನ ಹೆಸರು ನಾನೆಲ್ಲೂ ಹೇಳಿಲ್ಲ. ನಿನ್ನ ಬೆನ್ನು ಅವತ್ತು ನೀನು ಬಗ್ಗಿದಾಗ ನೋಡಿದ್ದೆ. ಆದ್ರೆ ನನ್ನ ಕೈ ನನ್ನದು ಕಣೆ. ಇನ್ನು ಬರ್ಬೇಡ" ಎಂದರು.

ಬಟ್ಟಲು ಅಲ್ಲೇ ಬಿಟ್ಟು ಬಂದೆ. ಅವರಿಗೇನು, ಒಂದೇ ಸಲ ಏಟು ತಿಂದದ್ದು. ದಾರಿಯುದ್ದಕ್ಕೂ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಏಪ್ರಿಲ್ 5

ಸರದಿಯಕ್ಕ ಬಂದು ಹೇಳಿದಳು. "ಮೀಟಿಂಗಲ್ಲಿ ಎಲ್ರೂ ಒಪ್ಪಿದ್ರು ಕಣೆ. ಈಗ ನಿಮ್ಮನೇಲಿ ಜಗಳ ಆಡೋರೇ ಇಲ್ವಲ್ಲ. ನಿನ್ನ ಸರದಿ ಮುಂದುವರೀಲಿ." ಹೆದರಿದಷ್ಟು ಏನೂ ಆಗಿಲ್ಲ, ಗೆಸ್ಟ್‌ಗಳು ಬರುತ್ತಲೇ ಇದ್ದಾರೆ.

ಟೀ ಕುಡಿಯುತ್ತೀಯಾ ಎಂದು ನಾನು ಕೇಳಲಿಲ್ಲ. ಅವಳೂ ಕೂರಲಿಲ್ಲ. ನನ್ನ ಜೊತೆ ಮಾತಾಡುವಾಗ ಈಗ ಅವಳು ಬಾಗಿಲ ಹೊಸ್ತಿಲಲ್ಲೇ ನಿಲ್ಲುತ್ತಾಳೆ.

ಏಪ್ರಿಲ್ 10

ನವದಂಪತಿ ಬಂದಿದ್ದಾರೆ, ಒಳ್ಳೆಯವರು. ಬಿಸಿನೀರು ನಾನೇ ಹೊತ್ತುಕೊಟ್ಟೆ. ಅತ್ತೆಯ ಭುಜದ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡೆ. "ಅತ್ತೆ ಸೊಸೆ ಇಷ್ಟು ಚೆನ್ನಾಗಿರೋದು ಎಲ್ಲೂ ನೋಡಿಲ್ಲ" ಎಂದಳು ಹುಡುಗಿ. ಕೈ ಇಟ್ಟಾಗ ಅತ್ತೆ ಯಾಕೋ ಬೆಚ್ಚಿಬಿದ್ದರು. ವಯಸ್ಸು.

ಏಪ್ರಿಲ್ 14

ದಂಪತಿ ಹೋದರು. ಮನೆಯಲ್ಲಿ ಈಗ ನಾವಿಬ್ಬರೇ.

ಮುದುಕಿಗೆ ಬರಬರುತ್ತಾ ಏನೂ ಕೇಳಿಸುವುದಿಲ್ಲ. ಟೀಗೆ ಸಕ್ಕರೆ ಹಾಕಲೋ ಬೇಡವೋ ಎಂದು ಕೇಳಿದಳು. ಹಾಕಿ ಎಂದೆ. ಮತ್ತೆ ಕೇಳಿದಳು. ಇಡೀ ದಿನ ಹಾಸಿಗೆ ಒಗೆದು, ಕೋಣೆ ತೊಳೆದು ಕೂತವಳು ನಾನು, ತಲೆ ಕಾದಿರುವುದಿಲ್ಲವೇ? ಲೋಟ ಎಸೆದೆ. ಅವಳ ಮೇಲೆ ಅಲ್ಲ, ಗೋಡೆಗೆ. ಕಾಲಿಗೆ ಸಿಡಿದದ್ದು ಸ್ವಲ್ಪವೇ. ಕೇಳಿದ್ದನ್ನೇ ಕೇಳಿದರೆ ಯಾರಿಗೆ ತಾನೆ ರೇಗುವುದಿಲ್ಲ?

ಪಕ್ಕದ ಮನೆಯ ರೇಡಿಯೋ ಇದ್ದಕ್ಕಿದ್ದ ಹಾಗೆ ಜೋರಾಯಿತು. ಅವರಿಗೂ ಕಿವಿ ಮಂದವಾಗುತ್ತಿರಬೇಕು.

ಏಪ್ರಿಲ್ 19

ಮಧ್ಯಾಹ್ನ ಸಂತೆಯಿಂದ ಬಂದೆ. ಬಿಸಿಲು, ಭಾರ, ಚೀಲದ ಹಿಡಿ ಬೇರೆ ಕಿತ್ತುಹೋಗಿ ಆಲೂಗಡ್ಡೆ ದಾರಿಯಲ್ಲೆಲ್ಲ ಉರುಳಿತ್ತು. ಗೇಟನ್ನು ಕಾಲಲ್ಲೇ ತಳ್ಳಿ ಒಳಗೆ ಬಂದರೆ ಕಂಬಿಯ ಮೇಲೆ ನೀಲಿ ಟವೆಲ್.

ಇವತ್ತು ನಮ್ಮ ಸರದಿಯಲ್ಲ. ಕೋಣೆಯ ಬಾಗಿಲು ನೋಡಿದೆ, ಬೀಗ ಹಾಕಿದೆ. ಒಣಹಾಕಿದ್ದೂ ಅಲ್ಲ, ಟವೆಲ್ ಗರಿಗರಿಯಾಗಿದೆ, ಈಗ ತಾನೆ ಪೆಟ್ಟಿಗೆಯಿಂದ ತೆಗೆದು ಮಡಿಕೆ ಬಿಡಿಸಿ ಹಾಕಿದ್ದು. ಜಗಲಿಯ ಮೂಲೆಯಲ್ಲಿ ಮುದುಕಿ ಕಾಳು ಆರಿಸುತ್ತಾ ಕೂತಿದ್ದಳು.

"ಯಾರೂ ಇಲ್ದೇ ಇದನ್ಯಾಕೆ ಹಾಕಿದ್ದೀರಾ?" ಎಂದು ಕೇಳಿದೆ.

"ಸುಮ್ನೆ" ಎಂದಳು.

"ಸುಮ್ನೆ ಅಂದ್ರೆ?"

ನಾನು ಚೀಲ ಕೆಳಗಿಟ್ಟು, ಅವಳ ತಲೆಯ ಮೇಲಿದ್ದ ಕಂಬಿಗೆ ಕೈ ಎತ್ತಿದೆ.

ಕಾಳಿನ ತಟ್ಟೆ ಬಿತ್ತು. ಅತ್ತೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡರು. ಬಟ್ಟೆಯ ತುದಿ ಆಗಲೇ ಅವರ ಬಾಯಿಯಲ್ಲಿತ್ತು.

ನಾನು ಕೈ ಎತ್ತಿದ್ದು ಟವೆಲ್ ತೆಗೆಯುವುದಕ್ಕೆ.

ತೆಗೆಯಲಿಲ್ಲ, ಅಲ್ಲೇ ಬಿಟ್ಟೆ. ಚೆಲ್ಲಿದ ಕಾಳು ಆರಿಸಿಕೊಟ್ಟು ಒಳಗೆ ಬಂದೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದೆ. ಸಂಜೆಯವರೆಗೂ ಈ ಮನೆಯಲ್ಲಿ ಪಿಸುಮಾತಿನಲ್ಲೇ ಮಾತಾಡಿದ್ದೇನೆ.